ಪುಟಾಣಿ ಬ್ರೆಡ್ಡು, ಕಿತ್ತಳೆ ಹೋಳು ಯಾಕೆ ಪ್ಲಾಸ್ಟಿಕ್ ಥರಾನೇ ಕಾಣುತ್ತೆ? ಪಾಲಿಮರ್ ಕ್ಲೇ, 1:12 ಅಳತೆ

ಬೊಂಬೆಮನೆ_ಕೀಲಿ
1:12 (ನಿಜದ ಹನ್ನೆರಡನೇ ಒಂದು ಪಾಲು) ಬೊಂಬೆಮನೆಯ ಅಡುಗೆಮನೆಗೆ ಪಾಲಿಮರ್ ಕ್ಲೇಯಲ್ಲಿ, ಅಂದ್ರೆ ಓವನ್ ಶಾಖಕ್ಕೆ ಗಟ್ಟಿಯಾಗೋ ಪ್ಲಾಸ್ಟಿಕ್ ಕ್ಲೇಯಲ್ಲಿ, ತಿನಿಸು ಮಾಡ್ತಿದೀನಿ. ಒಂದು ಬ್ರೆಡ್ಡು, ಕಿತ್ತಳೆ ಹೋಳುಗಳು, ಒಂದು ತುಂಡು ಕೇಕು, ಚೀಸು. ಆಕಾರ ಸರಿಯಾಗೇ ಬರ್ತಿದೆ, ಆದ್ರೆ ನೋಡಿದ ತಕ್ಷಣ ಆಟಿಕೆ ಅಂತ ಗೊತ್ತಾಗಿಬಿಡುತ್ತೆ. ತೊಂದರೆಗಳು ಇಷ್ಟು: ಬ್ರೆಡ್ಡಿನ ಮೇಲ್ಭಾಗ ಕಪ್ಪಾಗುತ್ತೆ, ಆದ್ರೂ ಹೋಳುಗಳು ಪಟ್ ಅಂತ ಮುರೀತವೆ. ಕಿತ್ತಳೆ ಕೇನ್ (ಒಳಗೆ ಚಿತ್ರ ಇರೋ ಕ್ಲೇ ಉರುಳೆ) ಕತ್ತರಿಸಿದ್ರೆ ತೊಳೆಗಳು ಕಲಸಿಹೋಗ್ತವೆ. ಬಿಳಿ ಕ್ಲೇಗೆ ತುಂಬ ಧೂಳು ಹತ್ತುತ್ತೆ. ಕೊನೆಗೆ ಹಚ್ಚಿದ ಹೊಳಪು ಇನ್ನೂ ಕೈಗೆ ಅಂಟುತ್ತೆ. ಪುಟ್ಟ ಟೋಸ್ಟರ್ ಓವನ್, ಗುಂಡಿ 130 ಡಿಗ್ರಿಗೆ ಇಟ್ಟು 10 ನಿಮಿಷ. ಎಲ್ಲಿಂದ ಸರಿ ಮಾಡ್ಕೊಂಡು ಬರಬೇಕು?

ಅಳತೆಪಟ್ಟಿ
ಮೊದಲು ಅಳತೆ. ಮಿಕ್ಕಿದ್ದೆಲ್ಲ ಆಮೇಲೆ. ನಿಜವಾದ ವಸ್ತುವನ್ನ ಸ್ಕೇಲಲ್ಲಿ ಅಳೆದು 12ರಿಂದ ಭಾಗಿಸಿ, ಅಂದಾಜು ಬೇಡ. 75 ಮಿ.ಮೀ. ಕಿತ್ತಳೆ 6 ಮಿ.ಮೀ. ಆಗುತ್ತೆ. 57 ಮಿ.ಮೀ. ಉದ್ದದ ಮೊಟ್ಟೆ 5ಕ್ಕಿಂತ ಒಂದು ಕೂದಲೆಳೆ ಕಮ್ಮಿ. 20 ಸೆಂ.ಮೀ. ಅಗಲದ ಕೇಕು 17 ಮಿ.ಮೀ., 26 ಸೆಂ.ಮೀ. ತಟ್ಟೆ ಸುಮಾರು 22 ಮಿ.ಮೀ. ಎಲ್ಲರೂ ಎಡವೋದು ದಪ್ಪದಲ್ಲಿ. 12 ಮಿ.ಮೀ. ಬ್ರೆಡ್ ಹೋಳು 1 ಮಿ.ಮೀ. ಆಗಬೇಕು, ಜನ 2 ಅಥವಾ 3 ಮಿ.ಮೀ. ಕತ್ತರಿಸ್ತಾರೆ. ಅದು ಬೊಂಬೆಯ ಕೈಯಲ್ಲಿ ಇಟ್ಟಿಗೆ ಹಿಡಿದ ಹಾಗೆ ಕಾಣುತ್ತೆ. ಅಷ್ಟಾದ ಮೇಲೆ ಬಣ್ಣ ಎಷ್ಟೇ ಚೆನ್ನಾಗಿದ್ರೂ ಕಣ್ಣು ಒಪ್ಪಲ್ಲ.

ಎಳೆಬಣ್ಣ
ಅಳತೆಪಟ್ಟಿ ಅವರೇ, ಅಳತೆ ಬೇಕು, ಒಪ್ಪಿದೆ. ಆದ್ರೆ ಕರಾರುವಾಕ್ ಅಳತೆಯ ಪ್ಲಾಸ್ಟಿಕ್ ಕಿತ್ತಳೆಯೂ ಪ್ಲಾಸ್ಟಿಕ್ಕೇ. ಇಲ್ಲಿ ಅಸಲು ವಿಷಯ ಟ್ರಾನ್ಸ್‌ಲುಸೆಂಟ್ ಕ್ಲೇ, ಅಂದ್ರೆ ಅರೆಪಾರದರ್ಶಕ ಕ್ಲೇ. ತಿನ್ನೋ ಪದಾರ್ಥದಲ್ಲಿ ಬೆಳಕು ಸ್ವಲ್ಪ ಒಳಗೆ ಹೋಗಿ ಚದುರಿ ಹೊರಗೆ ಬರುತ್ತೆ. ಪೊಟ್ಟಣದಿಂದ ನೇರ ತೆಗೆದ ಬಿಳಿ, ಹಳದಿ, ಕೆಂಪು ಕ್ಲೇ ಬೆಳಕನ್ನ ಮೇಲಿನಿಂದಲೇ ವಾಪಸ್ ಕಳಿಸುತ್ತೆ. ಅದೇ ಆಟಿಕೆ ಕಳೆ.

ನನ್ನ ಲೆಕ್ಕ ಹೀಗೆ. ಬ್ರೆಡ್ಡಿನ ಒಳಭಾಗಕ್ಕೆ 2 ಪಾಲು ಬಿಳಿ, 1 ಪಾಲು ಟ್ರಾನ್ಸ್‌ಲುಸೆಂಟ್, ಸಾಸಿವೆಕಾಳಿನಷ್ಟು ಓಕರ್ ಹಳದಿ. ಚೀಸಿಗೆ ಅರ್ಧಕ್ಕರ್ಧ ಟ್ರಾನ್ಸ್‌ಲುಸೆಂಟ್. ಕಿತ್ತಳೆ ತೊಳೆಗೆ ಹತ್ತರಲ್ಲಿ ಒಂಬತ್ತು ಪಾಲು ಅದೇ, ಬಣ್ಣ ಚಿಟಿಕೆ ಮಾತ್ರ. ಬೇಕ್ ಆದ ಮೇಲೆ ಟ್ರಾನ್ಸ್‌ಲುಸೆಂಟ್ ಹೆಚ್ಚಿರೋ ಮಿಶ್ರಣ ಗಾಢವಾಗುತ್ತೆ, ಹಾಗಾಗಿ ಹಸಿಯಲ್ಲಿ "ಅಯ್ಯೋ, ತುಂಬ ಪೇಲವ" ಅನ್ನಿಸೋ ಹಂತಕ್ಕೇ ನಿಲ್ಲಿಸಿ. ಮೊದಲು ಒಂದು ಚೂರು ಬೇಕ್ ಮಾಡಿ ನೋಡಿ, ಆಮೇಲೆ ಪೂರ್ತಿ ನಾದಿ.

ಇನ್ನೊಂದು: ಯಾವ ಬಣ್ಣವನ್ನೂ ಶುದ್ಧವಾಗಿ ಬಿಡಬೇಡಿ. ಟೊಮೆಟೊ ಕೆಂಪಿಗೆ ಒಂದು ಚೂರು ಕಂದು ಅಥವಾ ಹಸಿರು, ಸೊಪ್ಪಿನ ಹಸಿರಿಗೆ ಒಂದು ಚೂರು ಓಕರ್. ಕಣ್ಣಿಗೆ ಚುಚ್ಚೋ ಗುಣ ಅಲ್ಲೇ ಹೋಗುತ್ತೆ.

ಓವನ್_ಕಾವಲು
ನೀವಿಬ್ಬರೂ ಚೆಂದದ ಬಗ್ಗೆ ಜಗಳ ಆಡ್ತಿದೀರ, ಅವರ ಬ್ರೆಡ್ಡು ಮುರೀತಿದೆ ರೀ! ಅದಕ್ಕೆ ಮೊದಲು ಉತ್ತರ ಕೊಡೋಣ.

ಕೀಲಿ ಅವರೇ, ಪಾಲಿಮರ್ ಕ್ಲೇ ಅಂದ್ರೆ ಪಿವಿಸಿ ಕಣಗಳು, ಅವನ್ನ ಮೆತ್ತಗಿಡೋ ಪ್ಲಾಸ್ಟಿಸೈಜರ್, ಜೊತೆಗೆ ಬಣ್ಣ. ಶಾಖಕ್ಕೆ ಪಿವಿಸಿ ಕಣಗಳು ಪ್ಲಾಸ್ಟಿಸೈಜರನ್ನ ಹೀರಿಕೊಂಡು ಉಬ್ಬಿ ಒಂದಕ್ಕೊಂದು ಬೆಸೆದುಕೊಳ್ತವೆ. ಇದು ಒಣಗೋದಲ್ಲ. ಶಾಖ ಸಾಲದೇ ಹೋದ್ರೆ, ಅಥವಾ ಹೊತ್ತು ಸಾಲದೇ ಹೋದ್ರೆ, ಬೆಸುಗೆ ಅರ್ಧಕ್ಕೇ ನಿಂತು ಪಟ್ ಅಂತ ಮುರಿಯುತ್ತೆ. "ಪುಟ್ಟ ತುಂಡು ತಾನೇ, 10 ನಿಮಿಷ ಸಾಕು" ಅನ್ನೋದು ದೊಡ್ಡ ತಪ್ಪು ತಿಳಿವಳಿಕೆ. ಎಷ್ಟೇ ಪುಟ್ಟದಿದ್ರೂ ಪೂರ್ತಿ 30 ನಿಮಿಷ. ಸರಿಯಾದ ಶಾಖದಲ್ಲಿ ಹೆಚ್ಚು ಹೊತ್ತು ಇದ್ರೆ ತೊಂದರೆ ಇಲ್ಲ, ಶಾಖ ಮೀರಿದ್ರೆ ಮಾತ್ರ ಕೆಡುತ್ತೆ. ಚೆನ್ನಾಗಿ ಬೆಂದ 1 ಮಿ.ಮೀ. ಹೋಳು ತಣ್ಣಗಾದ ಮೇಲೆ ಬಾಗಬೇಕು, ಮುರಿಯಬಾರದು. ಇದು ಒಂದು ಬ್ರಾಂಡಿನಿಂದ ಇನ್ನೊಂದಕ್ಕೆ ಕೊಂಚ ಬದಲಾಗುತ್ತೆ. ಸ್ಕಲ್ಪಿ 3 ತೆಳುವಾದ್ರೆ ಹೇಗೂ ಸೂಕ್ಷ್ಮ. ತೆಳು ಕೆಲಸಕ್ಕೆ ಪ್ರೀಮೊ, ಸರ್ನಿಟ್, ಫಿಮೊ ಪ್ರೊಫೆಷನಲ್ ವಾಸಿ.

ಕಪ್ಪಾಗಿದ್ದು ಯಾಕೆ ಅಂದ್ರೆ ಟೋಸ್ಟರ್ ಓವನ್ನಿನ ಗುಂಡಿ ಹೇಳೋದು ಒಂದು, ಒಳಗೆ ಆಗೋದು ಇನ್ನೊಂದು. ಕಾಯಿಲ್ ಆನ್ ಆದಾಗಲೆಲ್ಲ ಶಾಖ ಗುರಿ ದಾಟಿ ಮೇಲೇರುತ್ತೆ, ತಿನಿಸಿನ ತಲೆ ಕಾಯಿಲ್‌ಗೆ ಹತ್ತಿರ ಇರುತ್ತೆ. ಹೀಗೆ ಮಾಡಿ:
– ಓವನ್ ಥರ್ಮಾಮೀಟರ್ ತಗೊಳ್ಳಿ, ತುಂಡು ಇಡೋ ಎತ್ತರದಲ್ಲೇ ಅದರ ಪಕ್ಕ ಇಡಿ.
– ದಪ್ಪ ಸೆರಾಮಿಕ್ ಟೈಲನ್ನ ಓವನ್ ಒಳಗಿಟ್ಟೇ 20 ನಿಮಿಷ ಕಾಯಿಸಿ. ಟೈಲ್ ಶಾಖ ಹಿಡಿದಿಟ್ಟುಕೊಂಡು ಏರಿಳಿತ ಕಮ್ಮಿ ಮಾಡುತ್ತೆ.
– ಟೈಲ್ ಮೇಲೆ ಒಂದು ಬಿಳಿ ಕಾಗದ ಹಾಸಿ, ಇಲ್ಲದಿದ್ರೆ ತಳದಲ್ಲಿ ಹೊಳೆಯೋ ಕಲೆ ಬೀಳುತ್ತೆ.
– ಮೇಲೆ ಅಲ್ಯೂಮಿನಿಯಂ ಫಾಯಿಲ್ ಗುಡಾರ ಕಟ್ಟಿ, ತುಂಡಿಗೆ ತಾಗದ ಹಾಗೆ.

ಫಿಮೊ ಪೊಟ್ಟಣದ ಮೇಲೆ 110 ಡಿಗ್ರಿ, ಪ್ರೀಮೊ ಮೇಲೆ 130, ಕೇಟೊ ಮೇಲೆ 150. ನಿಮ್ಮ ಪೊಟ್ಟಣ ಹೇಳಿದ್ದೇ ನಿಮಗೆ ಲೆಕ್ಕ. 175 ದಾಟೋಕೆ ಬಿಡಲೇಬೇಡಿ. ಪಿವಿಸಿ ಸೀದು ಹೈಡ್ರೋಜನ್ ಕ್ಲೋರೈಡ್ ಹೊಗೆ ಬಿಡುತ್ತೆ, ಕಣ್ಣು ಗಂಟಲು ಉರಿಯುತ್ತೆ. ಹಾಗಾದ್ರೆ ಓವನ್ ಆಫ್ ಮಾಡಿ, ಕಿಟಕಿ ತೆಗೆದು, ಎಲ್ಲರೂ ಹೊರಗೆ ಹೋಗಿ.

ಚಿಕ್ಕಚಮಚ
ಹಚ್ಚಿದ ಹೊಳಪು ಯಾವುದು?

ಬೊಂಬೆಮನೆ_ಕೀಲಿ
ನೇಲ್ ಪಾಲಿಷ್ ಟಾಪ್‌ಕೋಟ್.

ಚಿಕ್ಕಚಮಚ
ಅದೇ ಕಾರಣ. ನೇಲ್ ಪಾಲಿಷ್‌ನಲ್ಲಿರೋ ದ್ರಾವಕ ಕ್ಲೇ ಜೊತೆ ಬೆರೆತು ಮೇಲ್ಮೈಯನ್ನೇ ಮೆತ್ತಗೆ ಮಾಡುತ್ತೆ, ಅಂಟು ಹೋಗೋದೇ ಇಲ್ಲ. ಅಸಿಟೋನಿನಿಂದ ತೆಗೆಯೋಕೆ ಹೋದ್ರೆ ಕ್ಲೇನೂ ಕರಗುತ್ತೆ. ಆ ತುಂಡು ಬಿಟ್ಟು ಹೊಸದು ಮಾಡೋದೇ ಲೇಸು. ಡಬ್ಬಿ ಸ್ಪ್ರೇಗಳಲ್ಲೂ ಎಷ್ಟೋ ಹೀಗೇ ಮಾಡ್ತವೆ. ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಷ್ ತಗೊಳ್ಳಿ, ತೆಳುವಾಗಿ ಎರಡು ಸಲ, ಮಧ್ಯೆ ಪೂರ್ತಿ ಒಣಗಲಿ.

ಎಳೆಬಣ್ಣ
ಮತ್ತೆ ಎಲ್ಲದಕ್ಕೂ ಹಚ್ಚಬೇಡಿ! ಬ್ರೆಡ್ಡು, ಬಿಸ್ಕತ್ತು, ಕೇಕಿನ ಒಳಭಾಗ, ಕಿತ್ತಳೆ ಸಿಪ್ಪೆ, ಇವಕ್ಕೆ ಏನೂ ಬೇಡ. ಕತ್ತರಿಸಿದ ಹಣ್ಣಿನ ತೊಳೆ, ಜಾಮು, ಮೊಟ್ಟೆಯ ಹಳದಿ, ಸಾಸು, ಒದ್ದೆ ಇರೋ ಜಾಗಕ್ಕೆ ಮಾತ್ರ ಹೊಳಪು. ಒಂದೇ ತಟ್ಟೆಯಲ್ಲಿ ಒಣ ಮೇಲ್ಮೈಯೂ ಒದ್ದೆ ಮೇಲ್ಮೈಯೂ ಬೇರೆ ಬೇರೆ ಕಂಡಾಗಲೇ ಅದು ಊಟ ಅನ್ನಿಸೋದು.

ಹಳೇಬ್ಲೇಡ್
ಕಿತ್ತಳೆ ಕೇನ್ ವಿಚಾರಕ್ಕೆ ಬರ್ತೀನಿ, ಇದನ್ನ ವಿವರವಾಗಿ ಹೇಳಲೇಬೇಕು. ಹೊಸಬರಿಗೆ: ಕೇನ್ ಅಂದ್ರೆ ಉದ್ದಕ್ಕೂ ಒಂದೇ ಚಿತ್ರ ಓಡೋ ಕ್ಲೇ ಉರುಳೆ. ದಪ್ಪಗೆ ಕಟ್ಟಿ, ಹಿಸುಕಿ ಹಿಸುಕಿ ಸಣ್ಣ ಮಾಡಿ, ಹೋಳು ಕತ್ತರಿಸೋದು.

30 ಮಿ.ಮೀ. ಅಗಲ, 3 ಸೆಂ.ಮೀ. ಉದ್ದದ ಕೇನ್ ಕಟ್ಟೋಣ. ತೊಳೆ ಬಣ್ಣದ ಕ್ಲೇಯನ್ನ 7 ಮಿ.ಮೀ. ದಪ್ಪ, 30 ಸೆಂ.ಮೀ. ಉದ್ದ ಉರುಟಿ. ಅದಕ್ಕೆ ಬಿಳಿ, ಟ್ರಾನ್ಸ್‌ಲುಸೆಂಟ್ ಬೆರೆಸಿದ ತೆಳ್ಳನೆ ಹಾಳೆ ಸುತ್ತಿ, ಅಡ್ಡಕ್ಕೆ 10 ತುಂಡು ಮಾಡಿ. ಪ್ರತಿ ತುಂಡನ್ನ ಉದ್ದಕ್ಕೂ ಚಿವುಟಿ ಒಂದು ಕಡೆ ಚೂಪು, ಇನ್ನೊಂದು ಕಡೆ ದುಂಡು ಮಾಡಿ. ನಡುವೆ ಬಿಳಿಯ ಒಂದು ಸಣ್ಣ ದಾರ ಇಟ್ಟು ಸುತ್ತ ಜೋಡಿಸಿ. ಆಮೇಲೆ ಬಿಳಿ ಹಾಳೆ 1.5 ಮಿ.ಮೀ., ಅದರ ಮೇಲೆ ಕಿತ್ತಳೆ ಬಣ್ಣದ ಹಾಳೆ 0.7 ಮಿ.ಮೀ. ಅಷ್ಟೇ. ಜನ ಸಿಪ್ಪೆಯನ್ನ ದಪ್ಪ ಹಾಕ್ತಾರೆ. ಈ ಕೇನ್ 6 ಮಿ.ಮೀ.ಗೆ ಇಳಿದಾಗ ಎಲ್ಲವೂ ಐದರಲ್ಲೊಂದು ಪಾಲಾಗುತ್ತೆ, ಅಂದ್ರೆ ಬಿಳಿ 0.3, ಬಣ್ಣ 0.14 ಮಿ.ಮೀ. ನಿಜವಾದ ಕಿತ್ತಳೆಗೆ ಇದು ಸರಿಹೊಂದುತ್ತೆ.

ಹಿಸುಕೋವಾಗ ನಡುವಿನಿಂದ ಶುರು ಮಾಡಿ ತುದಿಗಳ ಕಡೆ ಹೋಗಿ, ಸುತ್ತ ತಿರುಗಿಸ್ತಾ ಒತ್ತಿ. ಮೊದಲೇ ಮೇಜಿನ ಮೇಲೆ ಉರುಳಿಸಬೇಡಿ, ಹೊರಪದರ ಮಾತ್ರ ಓಡಿ ಒಳಗಿನ ಚಿತ್ರ ತಿರುಚಿಕೊಳ್ಳುತ್ತೆ. 3 ಸೆಂ.ಮೀ. ಕೇನ್ 6 ಮಿ.ಮೀ.ಗೆ ಬಂದಾಗ 75 ಸೆಂ.ಮೀ. ಉದ್ದ ಆಗುತ್ತೆ, ಅಷ್ಟು ಹೋಳು ಯಾರಿಗೆ ಬೇಕು? 12 ಮಿ.ಮೀ.ಗೆ ಬಂದಾಗ ಅರ್ಧ ಕತ್ತರಿಸಿ ಎತ್ತಿಡಿ. 1:6ಕ್ಕೆ ಅದೇ ಅಳತೆ ಸರಿ, ಮುಂದೆ ಬೇಕಾದ್ರೆ ಇನ್ನೂ ಇಳಿಸಬಹುದು. ಎರಡೂ ತುದಿ ಯಾವಾಗಲೂ ಸೊಟ್ಟಗಿರ್ತವೆ, ಅವನ್ನ ಕತ್ತರಿಸಿ ಎಸೆಯಬೇಡಿ, ನಾದಿದ್ರೆ ಸಾಸಿಗೆ ಒಳ್ಳೆ ಬಣ್ಣ.

ಕಲಸಿಹೋಗೋಕೆ ಮೂರು ಕಾರಣ. ಕೇನ್ ಕೈ ಬಿಸಿಗೆ ಮೆತ್ತಗಾಗಿರುತ್ತೆ, ಬ್ಲೇಡ್ ಮೊಂಡು ಅಥವಾ ಅದರ ಮೇಲೆ ಹಳೇ ಕ್ಲೇ ಇರುತ್ತೆ, ಇಲ್ಲಾ ಒಂದೇ ಕಡೆಯಿಂದ ಒತ್ತಿ ಒತ್ತಿ ಚಪ್ಪಟೆ ಆಗುತ್ತೆ. ಫ್ರಿಜ್‌ನಲ್ಲಿ 20 ನಿಮಿಷ ಇಡಿ. ತೆಳ್ಳನೆಯ ಟಿಶ್ಯೂ ಬ್ಲೇಡ್ ಬಳಸಿ, ನಾಲ್ಕೈದು ಹೋಳಿಗೊಮ್ಮೆ ಆಲ್ಕೊಹಾಲ್ ಹಾಕಿ ಒರೆಸಿ. ಪ್ರತಿ ಹೋಳಿಗೂ ಕೇನನ್ನ ಕಾಲು ಸುತ್ತು ತಿರುಗಿಸಿ.

ಕುಸುರಿ_ಬೆರಳು
ಬ್ಲೇಡ್ ಅಣ್ಣ ನಾಲ್ಕನೇ ಕಾರಣ ಬಿಟ್ರು. ಕೇನಿನ ಎಲ್ಲ ಬಣ್ಣವೂ ಒಂದೇ ಹದದಲ್ಲಿ ಇರಬೇಕು. ಟ್ರಾನ್ಸ್‌ಲುಸೆಂಟ್ ಎಷ್ಟೋ ಸಲ ಬಿಳಿಗಿಂತ ಮೆತ್ತಗೆ ಬರುತ್ತೆ. ಒತ್ತಿದಾಗ ಮೆತ್ತಗಿರೋದು ಮೊದಲು ಓಡುತ್ತೆ, ಗಟ್ಟಿ ಇರೋದು ಅಲ್ಲೇ ನಿಲ್ಲುತ್ತೆ. ಮೆತ್ತನೆ ಕ್ಲೇಯನ್ನ ತೆಳುವಾಗಿ ಲಟ್ಟಿಸಿ ಎರಡು ಬಿಳಿ ಕಾಗದದ ನಡುವೆ ಒಂದು ರಾತ್ರಿ ಭಾರ ಇಟ್ಟು ಬಿಡಿ. ಕಾಗದ ಹೆಚ್ಚಿನ ಪ್ಲಾಸ್ಟಿಸೈಜರ್ ಹೀರಿಕೊಳ್ಳುತ್ತೆ, ಎಣ್ಣೆ ಕಲೆ ಕಾಣುತ್ತೆ. ಅತಿ ಮಾಡಿದ್ರೆ ಪುಡಿಪುಡಿ ಆಗುತ್ತೆ, ನಡುವೆ ಒಮ್ಮೆ ಮುಟ್ಟಿ ನೋಡಿ.

ಹಳೇಬ್ಲೇಡ್
ಸರಿಯಾದ ಮಾತು, ಅದು ಮೊದಲನೇ ಕಾರಣ ಆಗಬೇಕಿತ್ತು.

ತಣ್ಣೀರು_ತಟ್ಟೆ
ಟ್ರಾನ್ಸ್‌ಲುಸೆಂಟ್ ಇನ್ನಷ್ಟು ತಿಳಿಯಾಗಬೇಕು ಅಂದ್ರೆ ಓವನ್ನಿನಿಂದ ತೆಗೆದ ತಕ್ಷಣ ಐಸ್ ನೀರಿಗೆ ಹಾಕಿ. ಯಾರೂ ಹೇಳ್ಲಿಲ್ಲವಲ್ಲ.

ಓವನ್_ಕಾವಲು
ಹೇಳದೇ ಇರೋಕೆ ಕಾರಣ ಇದೆ. 1 ಮಿ.ಮೀ. ಕಿತ್ತಳೆ ಹೋಳಿಗೆ ಅದು ಸ್ವಲ್ಪ ಕೆಲಸ ಮಾಡುತ್ತೆ. ಬೇರೆ ಬೇರೆ ದಪ್ಪ ಜೋಡಿಸಿರೋ ಕೇಕಿಗೆ ಮಾಡಿದ್ರೆ ತೆಳು ಭಾಗ ಬೇಗ ತಣ್ಣಗಾಗಿ ಕುಗ್ಗುತ್ತೆ, ದಪ್ಪ ಭಾಗ ಬಿಸಿಯಾಗೇ ಇರುತ್ತೆ, ಬಿರುಕು ಬಿಡುತ್ತೆ. ಸೆರಾಮಿಕ್ ತಟ್ಟೆ ಸಮೇತ ಬೇಕ್ ಮಾಡಿದ್ರಂತೂ ತಟ್ಟೆನೇ ಒಡೆಯಬಹುದು.

ತಣ್ಣೀರು_ತಟ್ಟೆ
ತೆಳು ಹೋಳಿಗೆ ಅಂತಲೇ ನಾನೂ ಹೇಳಿದ್ದು. ಪಕ್ಕಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ಕಾಣುತ್ತೆ.

ಎಳೆಬಣ್ಣ
ಅರ್ಧಚಂದ್ರದ ಥರ ಬಿಳಿ ಚುಕ್ಕೆಗಳು ಟ್ರಾನ್ಸ್‌ಲುಸೆಂಟ್ ಒಳಗೆ ಬರ್ತವಲ್ಲ, ಅದಕ್ಕೆ ಐಸ್ ನೀರು ಮದ್ದಲ್ಲ. ನಾದುವಾಗ ಸೇರಿಕೊಂಡ ತೇವ, ಗಾಳಿ ಕಾರಣ. ಕೈ ಒಣಗಿರಲಿ, ಒದ್ದೆ ವೈಪ್ಸ್‌ನಿಂದ ಒರೆಸಿದ ಕೂಡಲೇ ಕ್ಲೇ ಮುಟ್ಟಬೇಡಿ.

ಸೂಜಿಮೊನೆ
ಬ್ರೆಡ್ಡಿಗೆ ಬರೋಣ, ಯಾರೂ ಸರಿಯಾಗಿ ಮುಟ್ಟಿಲ್ಲ. ಇದರಲ್ಲಿ ಕೆಲಸದ ಕ್ರಮವೇ ಎಲ್ಲ.

ಉದ್ದ 20 ಮಿ.ಮೀ.ನ ಲೋಫ್ ಆಕಾರ ಮಾಡಿ, ಮೇಲ್ಮೈಯನ್ನ ಉಂಡೆ ಕಟ್ಟಿದ ಫಾಯಿಲ್‌ನಿಂದ ಹಗುರಕ್ಕೆ ಒತ್ತಿ. ಆಮೇಲೆ ಗಟ್ಟಿ ಕೂದಲಿನ ಹಲ್ಲುಜ್ಜೋ ಬ್ರಷ್‌ನಿಂದ ತಟ್ಟಿ, ಎಳೀಬೇಡಿ. ಕಲಾವಿದರ ಒಣ ಸಾಫ್ಟ್ ಪಾಸ್ಟೆಲ್ ಕಡ್ಡಿಯನ್ನ ಬ್ಲೇಡಿನಿಂದ ಕೆರೆದು ಪುಡಿ ಮಾಡಿ. ಎಣ್ಣೆ ಪಾಸ್ಟೆಲ್ ಆಗಲ್ಲ. ಪುಡಿ ಹಸಿ ಕ್ಲೇಗೆ ಮಾತ್ರ ಚೆನ್ನಾಗಿ ಹಿಡಿಯುತ್ತೆ, ಬೆಂದ ಮೇಲೆ ಹಚ್ಚಿದ್ರೆ ಉದುರುತ್ತೆ. ಒಣ ಮೆತ್ತನೆ ಬ್ರಷ್‌ನಲ್ಲಿ ಮೊದಲು ಓಕರ್ ಹಳದಿ, ಮೈಯೆಲ್ಲ. ಆಮೇಲೆ ಬರ್ನ್ಟ್ ಸಿಯೆನಾ (ಕೆಂಪು ಮಿಶ್ರಿತ ಕಂದು), ಮೇಲ್ಭಾಗ ಮತ್ತು ಅಂಚಿಗೆ. ಬರ್ನ್ಟ್ ಅಂಬರ್ (ಗಾಢ ಕಂದು) ಉಬ್ಬಿದ ತುದಿಗಳಿಗೆ ಮಾತ್ರ, ಅದೂ ಬ್ರಷ್ ಕೊಡವಿ. ತಳಕ್ಕೆ ಒಂದೇ ಬಣ್ಣ, ಸಮವಾಗಿ. ಪಕ್ಕಗಳು ಪೇಲವ ಇರಲಿ.

ಈಗ ಗೀರು. ಬಣ್ಣ ಹಚ್ಚಿದ ಮೇಲೇ ಬ್ಲೇಡಿನಿಂದ ಗೀರಬೇಕು, ಮೊದಲಲ್ಲ. ನಿಜವಾದ ಬ್ರೆಡ್ಡಿನಲ್ಲೂ ಗೀರು ಓವನ್ ಒಳಗೆ ತೆರೆದುಕೊಳ್ಳೋದ್ರಿಂದ ಅಲ್ಲಿ ಕಾಣೋ ಹಿಟ್ಟು ಸುತ್ತಲಿನ ಹೊರಪದರಕ್ಕಿಂತ ತಿಳಿ ಬಣ್ಣ. ಗೀರನ್ನ ಸೂಜಿಯಿಂದ ಕೊಂಚ ಅಗಲಿಸಿ, ಎದ್ದು ನಿಂತ ಒಂದು ಅಂಚಿಗೆ ಮಾತ್ರ ಕಂದು ಮುಟ್ಟಿಸಿ. ಇಷ್ಟಕ್ಕೇ ಅರ್ಧ ಜೀವ ಬಂತು.

ಕತ್ತರಿಸಿದ ಮುಖ: ಬ್ಲೇಡ್ ಹಾಕಿದ ಮುಖ ಗಾಜಿನಷ್ಟು ನುಣುಪಾಗಿರುತ್ತೆ. ಹಾಗೇ ಬಿಟ್ರೆ ಅದು ಸೋಪಿನ ತುಂಡು. ಸಣ್ಣ ಸೂಜಿಯನ್ನ ಓರೆಯಾಗಿ ಚುಚ್ಚಿ ಒಂಚೂರು ಮೇಲಕ್ಕೆ ಎತ್ತಿ, ಕಿತ್ತ ಹಾಗೆ. ದೊಡ್ಡ ರಂಧ್ರ ಕಮ್ಮಿ, ಸಣ್ಣವು ಜಾಸ್ತಿ, ಎಲ್ಲೂ ಸಾಲು ಕಾಣಬಾರದು. ಅಂಚಿನ ಅರ್ಧ ಮಿ.ಮೀ. ಒಳಗೆ ರಂಧ್ರ ಬೇಡ, ಅಲ್ಲಿ ಬ್ರೆಡ್ಡು ಬಿಗಿ ಇರುತ್ತೆ.

ಚಿಕ್ಕಚಮಚ
ಕೇಕಿಗೂ ಇದೇನಾ?

ಸೂಜಿಮೊನೆ
ಕೇಕಿಗೆ ಬೇರೆ. ಸೂಜಿ ಸಾಲದು, ಕ್ಲೇಯನ್ನೇ ಎಳೆದು ಹರೀಬೇಕು. ಹರಿದ ಮುಖ ತಾನಾಗೇ ಸ್ಪಂಜಿನ ಹಾಗೆ ಬರುತ್ತೆ, ಅದನ್ನ ಹೊರಮುಖ ಮಾಡಿ ಜೋಡಿಸಿ, ಬ್ರಷ್‌ನಿಂದ ತಟ್ಟಿ. ಹರಿಯೋಕೆ ಕ್ಲೇ ಕೊಂಚ ಗಟ್ಟಿ ಇರಬೇಕು, ಮೆತ್ತಗಿದ್ರೆ ನೂಲು ಎಳೆಯುತ್ತೆ.

ಕುಸುರಿ_ಬೆರಳು
ಕೇಕಿನ ಐಸಿಂಗಿಗೆ ಬಿಳಿ ಕ್ಲೇಗೆ ಲಿಕ್ವಿಡ್ ಪಾಲಿಮರ್ ಕ್ಲೇ ಹನಿಹನಿಯಾಗಿ ಹಾಕಿ ಬ್ಲೇಡಿನಿಂದ ಅರೆಯಿರಿ. ಸಿರಿಂಜಿನಿಂದ ಒತ್ತಿದ್ರೆ ನಿಂತ ಗೆರೆ ಉಳಿಯೋ ಹದ ಬಂದ್ರೆ ಸಾಕು. ತೆಳ್ಳಗೆ ಮಾಡಬೇಡಿ. ಲಿಕ್ವಿಡ್ ಕ್ಲೇ ಗಟ್ಟಿಯಾಗೋ ಮುಂಚೆ ಶಾಖಕ್ಕೆ ಇನ್ನೂ ತೆಳುವಾಗುತ್ತೆ, ಹೂವಿನ ಎಸಳೆಲ್ಲ ಇಳಿದು ಕೊಚ್ಚೆ ಆಗುತ್ತೆ. ಜಾಮಿಗೆ ಬಣ್ಣವಿಲ್ಲದ ಲಿಕ್ವಿಡ್‌ಗೆ ಪಾಸ್ಟೆಲ್ ಪುಡಿ ಬೆರೆಸಿ, ಒಳಗೆ ಬೆಂದ ಕೆಂಪು ಕ್ಲೇಯ ತುರಿ ಹಾಕಿ. ಹಣ್ಣಿನ ಚೂರು ಕಾಣುತ್ತೆ.

ಬೊಂಬೆಮನೆ_ಕೀಲಿ
ಜಾಮಿಗೆ ಯುವಿ ರೆಸಿನ್ (ಯುವಿ ಬೆಳಕಿಗೆ ಗಟ್ಟಿಯಾಗೋ ದ್ರವ) ಆಗಲ್ವಾ? ಹೊಳಪೂ ಒಟ್ಟಿಗೇ ಬರುತ್ತೆ ಅಂತ.

ಕುಸುರಿ_ಬೆರಳು
ಆಗುತ್ತೆ. ಸೂಪು, ಜೆಲ್ಲಿ, ನೀರಿಗೆ ಅದೇ ಒಳ್ಳೇದು. ಆದ್ರೆ ಬೇಕಿಂಗ್ ಎಲ್ಲ ಮುಗಿದ ಮೇಲೆ. 1 ಮಿ.ಮೀ. ಪದರಗಳಲ್ಲಿ ಹಾಕಿ. ಬಣ್ಣ ಗಾಢವಾದಷ್ಟೂ ಬೆಳಕು ಕೆಳಗೆ ಇಳಿಯಲ್ಲ, ಮೇಲೆ ಗಟ್ಟಿ, ಕೆಳಗೆ ಅಂಟು ಉಳಿಯುತ್ತೆ. ನೈಟ್ರೈಲ್ ಕೈಗವಸು ಹಾಕಲೇಬೇಕು. ಗಟ್ಟಿಯಾಗದ ರೆಸಿನ್ ಪದೇ ಪದೇ ಚರ್ಮಕ್ಕೆ ತಾಗಿದ್ರೆ ಅಲರ್ಜಿ ಶುರುವಾಗುತ್ತೆ, ಒಮ್ಮೆ ಶುರುವಾದ್ರೆ ಹೋಗಲ್ಲ.

ಅಚ್ಚುಗಾರ
ಹಣ್ಣುಗಳನ್ನ ಒಂದೊಂದೇ ಯಾಕೆ ಮಾಡ್ತೀರಿ? ಎರಡು ಭಾಗದ ಸಿಲಿಕೋನ್ ಪುಟ್ಟಿ ಸಮಸಮ ಬೆರೆಸಿ, ಒಂದು ಒಳ್ಳೆ ಸ್ಟ್ರಾಬೆರಿ ಒತ್ತಿ ಅಚ್ಚು ತೆಗೀರಿ, ಮುಗೀತು.

ಸೂಜಿಮೊನೆ
ಬುಟ್ಟಿ ತುಂಬ ಒಂದೇ ಮುಖದ ಸ್ಟ್ರಾಬೆರಿ ಇದ್ರೆ ದೂರದಿಂದಲೇ ಗೊತ್ತಾಗುತ್ತೆ ಸ್ವಾಮಿ. ಕನಿಷ್ಠ ಮೂರು ನಾಲ್ಕು ಬೇರೆ ಅಚ್ಚು ಬೇಕು, ತೆಗೆದ ಮೇಲೆ ಪ್ರತಿಯೊಂದನ್ನೂ ಸ್ವಲ್ಪ ಒತ್ತಿ, ತಿರುಚಿ, ಉದ್ದ ಗಿಡ್ಡ ಮಾಡಬೇಕು. ತೊಟ್ಟಿನ ಹತ್ತಿರ ಬಿಳಿಚಿರಲಿ, ಒಂದು ಕಡೆ ಮಾತ್ರ ಗಾಢ ಕೆಂಪು ಇರಲಿ. 3 ಮಿ.ಮೀ. ಸ್ಟ್ರಾಬೆರಿಗೆ ಬೀಜ ಅಂಟಿಸೋಕೆ ಹೋಗಬೇಡಿ, ಸೂಜಿಯಿಂದ ಚುಚ್ಚಿ, ಬೆಂದ ಮೇಲೆ ತೆಳು ಹಳದಿ ಅಕ್ರಿಲಿಕ್ ಹಚ್ಚಿ ಒರೆಸಿಬಿಡಿ. ಗುಳಿಯೊಳಗೆ ಮಾತ್ರ ಬಣ್ಣ ನಿಲ್ಲುತ್ತೆ.

ಅಚ್ಚುಗಾರ
ತಿರುಚೋದು ಒಪ್ಪಿದೆ. ಆದ್ರೆ ಇಪ್ಪತ್ತು ಮೊಟ್ಟೆಗೆ ಅಚ್ಚೇ ಬೇಕು, ಅದನ್ನ ಬಿಟ್ಟುಕೊಡಲ್ಲ. ಅಚ್ಚಿಗೆ ಅಂಟಿದ್ರೆ ಕಾರ್ನ್‌ಫ್ಲೋರ್ ಒಂದು ಪದರ ಸವರಿ.

ಅಳತೆಪಟ್ಟಿ
ಕಿತ್ತಳೆ ಸಿಪ್ಪೆಯ ಗುಳಿ ಮೂಡಿಸೋಕೆ ಉಪ್ಪುಕಾಗದ ಒತ್ತೋದಾದ್ರೆ ಅಲ್ಲೂ ಅಳತೆ ನೋಡಿ. 80 ನಂಬರ್ ಕಾಗದದ ಕಣ 1:12ರಲ್ಲಿ ಕೊಂಚ ಒರಟು, ಹಗುರಕ್ಕೆ ಒತ್ತಿದ್ರೆ ಪರವಾಗಿಲ್ಲ. 1:24ಕ್ಕೆ ಆ ಗುಳಿಯನ್ನೇ ಬಿಟ್ಟುಬಿಡಿ, ಬಣ್ಣದ ಏರಿಳಿತ ಸಾಕು.

ಬೊಂಬೆಮನೆ_ಕೀಲಿ
ಬಿಳಿಯ ಧೂಳಿಗೆ ಏನಾದ್ರೂ?

ಚಿಕ್ಕಚಮಚ
ಬಿಳಿಯನ್ನ ದಿನದ ಮೊದಲ ಕೆಲಸ ಮಾಡಿ, ಕೆಂಪು, ಕಪ್ಪು ಕೊನೆಗೆ. ಉಣ್ಣೆ ಬಟ್ಟೆ ಹಾಕಬೇಡಿ. ಮೊದಲು ಒಂದು ಬೇಡದ ಟ್ರಾನ್ಸ್‌ಲುಸೆಂಟ್ ಉಂಡೆಯನ್ನ ಕೈಯಲ್ಲಿ ನಾದಿ, ಕೈಯಲ್ಲಿರೋ ನೂಲು, ಧೂಳು ಎಲ್ಲ ಅದಕ್ಕೆ ಹತ್ತುತ್ತೆ. ಬೇಕ್ ಮಾಡೋ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿದ್ರೆ ಉಳಿದ ಧೂಳೂ ಬೆರಳಚ್ಚೂ ಹೋಗ್ತವೆ. ಪಾಸ್ಟೆಲ್ ಹಚ್ಚಿದ ಜಾಗ ಮಾತ್ರ ಮುಟ್ಟಬೇಡಿ.

ತಣ್ಣೀರು_ತಟ್ಟೆ
ವಿಷಯ ಸ್ವಲ್ಪ ಬೇರೆ: ಉಳಿದ ಕ್ಲೇ ಇಡೋ ಪಾರದರ್ಶಕ ಗಟ್ಟಿ ಡಬ್ಬಿ ಅಂಟಂಟಾಗಿ ಕರಗಿದ ಹಾಗಿದೆ. ಬಿಸಿಲಿಗಾ?

ಓವನ್_ಕಾವಲು
ಬಿಸಿಲಲ್ಲ. ಹಸಿ ಕ್ಲೇಯ ಪ್ಲಾಸ್ಟಿಸೈಜರ್ ಪಾಲಿಸ್ಟೈರೀನ್ ಡಬ್ಬಿಯನ್ನ ತಿನ್ನುತ್ತೆ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರೋ ಪಾಲಿಪ್ರೊಪಿಲೀನ್ ಡಬ್ಬಿ ತಗೊಳ್ಳಿ, 6 ಇರೋದು ಬೇಡ. ಬಿಸಿಲಿಂದಲೂ ದೂರ ಇಡಿ, ಬಿಸಿಗೆ ಕ್ಲೇ ಪೊಟ್ಟಣದಲ್ಲೇ ಗಟ್ಟಿಯಾಗೋಕೆ ಶುರುವಾಗುತ್ತೆ.

ಹಳೇಬ್ಲೇಡ್
ಕ್ಲೇ ಮುಟ್ಟಿದ ಬ್ಲೇಡ್, ರೋಲರ್, ತುರಿಮಣೆ ಯಾವುದೂ ಮತ್ತೆ ಅಡುಗೆಗೆ ಹೋಗಬಾರದು. ಪುಟ್ಟ ತಟ್ಟೆ ಲೋಟ ಕ್ಲೇಯಲ್ಲೇ ಮಾಡಿದ್ರೆ ಅದರಲ್ಲಿ ನಿಜವಾದ ಆಹಾರ ಹಾಕಬೇಡಿ. ಸಣ್ಣ ಮಕ್ಕಳಿರೋ ಮನೆಯಲ್ಲಿ ಈ ತುಂಡುಗಳೆಲ್ಲ ಗಂಟಲಲ್ಲಿ ಸಿಕ್ಕೋ ಗಾತ್ರದವು, ಬೊಂಬೆಮನೆಗೆ ಬಾಗಿಲು ಇರಲಿ.

ಬೊಂಬೆಮನೆ_ಕೀಲಿ
ಕೊನೇದೊಂದು. ತಟ್ಟೆಗೆ ತಿನಿಸು ಹೇಗೆ ನಿಲ್ಲಿಸೋದು? ಸೂಪರ್ ಗ್ಲೂ ಹಾಕಿದ್ರೆ ಮುಟ್ಟಿದಾಗ ಬಿಟ್ಟುಕೊಳ್ಳುತ್ತೆ.

ಅಚ್ಚುಗಾರ
ಸೂಪರ್ ಗ್ಲೂ ಗಟ್ಟಿಯಾದ ಮೇಲೆ ಬಾಗಲ್ಲ, ಕ್ಲೇ ಬಾಗುತ್ತೆ, ಅದಕ್ಕೇ ಬಿಡುತ್ತೆ. ಗಟ್ಟಿ ಬಿಳಿ ಪಿವಿಎ ಅಂಟು ಬಳಸಿ. ತಿನಿಸನ್ನ ಆಗಾಗ ಬದಲಾಯಿಸೋದಾದ್ರೆ ಮ್ಯೂಸಿಯಂ ವ್ಯಾಕ್ಸ್‌ನ (ಅಂಟಿಸಿ ಮತ್ತೆ ಬಿಡಿಸಬಹುದಾದ ಮೇಣ) ಸಾಸಿವೆಯಷ್ಟು ಚೂರು.

ಸೂಜಿಮೊನೆ
ಲೋಹದ್ದೋ ಸೆರಾಮಿಕ್ಕಿನದ್ದೋ ತಟ್ಟೆ ಆದ್ರೆ ತಿನಿಸಿನ ತಳಕ್ಕೆ ಲಿಕ್ವಿಡ್ ಕ್ಲೇ ಒಂದು ಹನಿ ಹಾಕಿ ತಟ್ಟೆ ಸಮೇತ ಬೇಕ್ ಮಾಡಿ. ನುಣುಪು ಗ್ಲೇಜಿನ ಮೇಲೆ ಹಿಡಿತ ಕಮ್ಮಿ, ಮೊದಲು ಒಂದು ಚುಕ್ಕೆ ಜಾಗ ಉಪ್ಪುಕಾಗದದಿಂದ ಉಜ್ಜಿ. ಪ್ಲಾಸ್ಟಿಕ್ ತಟ್ಟೆ ಓವನ್ನಿಗೆ ಬೇಡವೇ ಬೇಡ. ಬ್ರೆಡ್ ಹಲಗೆ ಮೇಲೆ ಬೆಂದ ಬ್ರೆಡ್ ಬಣ್ಣದ ಕ್ಲೇಯನ್ನ ಸಣ್ಣಗೆ ತುರಿದು ಉದುರಿಸಿ, ಚಾಕುವಿನ ಒಂದೇ ಪಕ್ಕಕ್ಕೆ. ಪಿವಿಎಗೆ ನೀರು ಬೆರೆಸಿ ಬ್ರಷ್ ತುದಿಯಲ್ಲಿ ಮುಟ್ಟಿಸಿದ್ರೆ ತುರಿ ಅಲ್ಲೇ ಕೂರುತ್ತೆ.